ನಿದ್ದೆ ಮಾಡದ ಅಯಸ್ಕಾಂತ

ಎಂ.ಆರ್.ಐ. ಎಂಬ ಮೂರಕ್ಷರ ಈಗ ಜಿಲ್ಲಾ ಕೇಂದ್ರಗಳಲ್ಲಿಯೂ ಮನೆಮಾತಾಗಿದೆ. ಕಾಲಿಗೆ ಇಳಿಯುವ ಸೊಂಟನೋವು, ಊದಿಕೊಂಡ ಮಂಡಿ, ಪಾರ್ಶ್ವವಾಯು, ಫಿಟ್ಸ್, ಬಿಡದೆ ಕಾಡುವ ತಲೆನೋವು ಹೀಗೆ ಹತ್ತಾರು ತೊಂದರೆಗಳಲ್ಲಿ ವೈದ್ಯರು ಈ ಪರೀಕ್ಷೆಗೆ ಚೀಟಿ ಬರೆದುಕೊಡುತ್ತಾರೆ. ಚೀಟಿ ಕೈಗೆ ಬಂದೊಡನೆ ರೋಗಿ ಮತ್ತು ಮನೆಯವರು ಕೇಳುವುದು ಸಾಮಾನ್ಯವಾಗಿ ಮೂರು ಪ್ರಶ್ನೆ. ಎಷ್ಟು ಖರ್ಚಾಗುತ್ತದೆ? ಎಷ್ಟು ಹೊತ್ತು ಹಿಡಿಯುತ್ತದೆ? ಅದರಿಂದ ಏನಾದರೂ ಅಪಾಯವಿದೆಯೇ? ಬಹಳ ಮಂದಿ ಕೇಳದೆ ಬಿಡುವ ನಾಲ್ಕನೆಯ ಪ್ರಶ್ನೆಯೊಂದಿದೆ. ಪರೀಕ್ಷೆ ಮುಗಿದ ಮೇಲೆ ಆ ಯಂತ್ರದ ಅಯಸ್ಕಾಂತವನ್ನು ಆರಿಸುತ್ತಾರೆಯೇ?

ಇಲ್ಲ, ಆರಿಸುವುದಿಲ್ಲ. ಆಸ್ಪತ್ರೆಗಳಲ್ಲಿರುವ ಬಹುತೇಕ ಎಂ.ಆರ್.ಐ. ಯಂತ್ರಗಳ ಅಯಸ್ಕಾಂತ ಹಗಲು ರಾತ್ರಿ ಎನ್ನದೆ ಪೂರ್ಣ ಬಲದಲ್ಲಿ ಇದ್ದೇ ಇರುತ್ತದೆ. ಕೋಣೆಗೆ ಬೀಗ ಹಾಕಿದ ಮೇಲೂ, ಭಾನುವಾರವೂ, ಹಬ್ಬದ ದಿನವೂ, ಕರೆಂಟು ಹೋದಾಗಲೂ ಅದು ಎಚ್ಚರವಾಗಿರುತ್ತದೆ. ಈ ಒಂದು ಸಂಗತಿ ತಿಳಿಯದೆ ಅಥವಾ ಮರೆತು ಜೀವಗಳು ಹೋಗಿವೆ.

2018ರ ಜನವರಿಯಲ್ಲಿ ಮುಂಬೈನ ಆಸ್ಪತ್ರೆಯೊಂದರಲ್ಲಿ ರೋಗಿಯ ಜೊತೆ ಬಂದಿದ್ದ 32 ವರ್ಷದ ತರುಣನೊಬ್ಬ ಆಮ್ಲಜನಕದ ಸಿಲಿಂಡರನ್ನು ಹಿಡಿದುಕೊಂಡು ಎಂ.ಆರ್.ಐ. ಕೋಣೆಯೊಳಗೆ ಹೋದ. ಯಂತ್ರ ಆರಿದೆ, ಒಳಗೆ ತನ್ನಿ ಎಂದು ಸಿಬ್ಬಂದಿಯೇ ಹೇಳಿದರೆಂದು ಮನೆಯವರು ಆಮೇಲೆ ದೂರಿದರು. ಅಯಸ್ಕಾಂತ ಆ ಸಿಲಿಂಡರನ್ನು ಹಿಡಿದಿದ್ದವನ ಸಮೇತ ಎಳೆದುಕೊಂಡಿತು. ಆತ ಉಳಿಯಲಿಲ್ಲ. 2001ರಲ್ಲಿ ಅಮೆರಿಕದ ನ್ಯೂಯಾರ್ಕ್ ರಾಜ್ಯದಲ್ಲಿ ಇಂಥದೇ ಸಿಲಿಂಡರ್ ಹಾರಿಬಂದು ಯಂತ್ರದೊಳಗೆ ಮಲಗಿದ್ದ 6 ವರ್ಷದ ಬಾಲಕನ ತಲೆಗೆ ಬಡಿದು ಅವನು ತೀರಿಕೊಂಡ. ಅದೇ ರಾಜ್ಯದಲ್ಲಿ 2025ರ ಜುಲೈಯಲ್ಲಿ, ಕುತ್ತಿಗೆಗೆ ಭಾರದ ಲೋಹದ ಸರಪಳಿ ಹಾಕಿಕೊಂಡಿದ್ದ 61 ವರ್ಷದ ವ್ಯಕ್ತಿಯೊಬ್ಬರು ಹೆಂಡತಿಯ ಪರೀಕ್ಷೆ ನಡೆಯುತ್ತಿದ್ದ ಕೋಣೆಗೆ ಕಾಲಿಟ್ಟು ಪ್ರಾಣ ಕಳೆದುಕೊಂಡರು. ಈ ಮೂವರಲ್ಲಿ ಯಾರನ್ನೂ ಕೊಂದದ್ದು ರೋಗವಲ್ಲ.

ಇಷ್ಟು ಅಪಾಯವಿದ್ದರೆ ಆರಿಸಿಬಿಡಬಾರದೇಕೆ ಎಂದು ನೀವು ಕೇಳಬಹುದು. ಅದನ್ನು ತಿಳಿಯಬೇಕಾದರೆ ಈ ಅಯಸ್ಕಾಂತದ ಗುಟ್ಟನ್ನು ಸ್ವಲ್ಪ ಬಿಡಿಸಿ ನೋಡಬೇಕು. ಮುಂದಿನ ದಿನಗಳಲ್ಲಿ ಬರಲಿರುವ ಇನ್ನೂ ಬಲಶಾಲಿಯಾದ ಅಯಸ್ಕಾಂತಗಳ ಗುಟ್ಟೂ ಅದೇ.

ಎಣ್ಣೆ ಬೇಡದ ನಂದಾದೀಪ

ತಾಮ್ರದ ತಂತಿಯ ಸುರುಳಿಯಲ್ಲಿ ವಿದ್ಯುತ್ ಹರಿಸಿದರೆ ಅದು ಅಯಸ್ಕಾಂತವಾಗುತ್ತದೆ. ಇದನ್ನು ಶಾಲೆಯಲ್ಲಿ ಎಲ್ಲರೂ ಓದಿರುತ್ತೇವೆ. ಆದರೆ ತಂತಿ ವಿದ್ಯುತ್ತಿಗೆ ತಡೆ ಒಡ್ಡುತ್ತದೆ. ಆ ತಡೆಯಿಂದಾಗಿ ತಂತಿ ಬಿಸಿಯಾಗುತ್ತದೆ. ಹೆಚ್ಚು ಬಲ ಬೇಕೆಂದು ಹೆಚ್ಚು ವಿದ್ಯುತ್ ಹರಿಸಿದರೆ ತಂತಿ ಸುಟ್ಟೇ ಹೋಗುತ್ತದೆ.

1911ರಲ್ಲಿ ಹಾಲೆಂಡಿನ ಲೈಡನ್ ನಗರದಲ್ಲಿ ಕ್ಯಾಮರ್ಲಿಂಗ್ ಓನ್ನೆಸ್ ಎಂಬ ವಿಜ್ಞಾನಿ ಒಂದು ವಿಚಿತ್ರವನ್ನು ಕಂಡರು. ಅವರು ಮೂರು ವರ್ಷ ಹಿಂದೆಯೇ ಹೀಲಿಯಂ ಅನಿಲವನ್ನು ತಣಿಸಿ ದ್ರವವಾಗಿಸಿದ್ದರು. ಆ ದ್ರವದ ಸಹಾಯದಿಂದ ಪಾದರಸವನ್ನು ಸೊನ್ನೆಗಿಂತ 269 ಡಿಗ್ರಿ ಸೆಲ್ಸಿಯಸ್ ಕೆಳಗಿನ ಚಳಿಗೆ ಒಯ್ದಾಗ ವಿದ್ಯುತ್ತಿಗಿದ್ದ ತಡೆ ಥಟ್ಟನೆ ಮಾಯವಾಯಿತು. ತಡೆಯೇ ಇಲ್ಲದ ಈ ಸ್ಥಿತಿಯನ್ನು ಅತಿವಾಹಕತೆ ಎಂದೂ, ಇಂಥ ಗುಣವುಳ್ಳ ವಸ್ತುವನ್ನು ಅತಿವಾಹಕ ಅಥವಾ ಸೂಪರ್‌ಕಂಡಕ್ಟರ್ ಎಂದೂ ಕರೆಯುತ್ತಾರೆ. 1913ರಲ್ಲಿ ಅವರಿಗೆ ನೊಬೆಲ್ ಬಹುಮಾನ ಬಂತು.

ನಿಮ್ಮ ಊರಿನ ಎಂ.ಆರ್.ಐ. ಯಂತ್ರದ ಬಿಳಿಯ ಕವಚದೊಳಗೆ ನಿಯೋಬಿಯಂ ಮತ್ತು ಟೈಟಾನಿಯಂ ಲೋಹಗಳ ಮಿಶ್ರಣದಿಂದ ಮಾಡಿದ ಮೈಲುಗಟ್ಟಲೆ ತಂತಿ ಸುತ್ತಿರುತ್ತದೆ. ಅದು ದ್ರವ ಹೀಲಿಯಂನಲ್ಲಿ ಮುಳುಗಿರುತ್ತದೆ. ಯಂತ್ರವನ್ನು ಕೂರಿಸುವ ದಿನ ಒಮ್ಮೆ ತಂತಿಗೆ ವಿದ್ಯುತ್ ತುಂಬಿ, ಎರಡು ತುದಿಗಳನ್ನು ಒಂದಕ್ಕೊಂದು ಸೇರಿಸಿ, ಹೊರಗಿನ ಸಂಪರ್ಕವನ್ನು ತೆಗೆದುಬಿಡುತ್ತಾರೆ. ಅಲ್ಲಿಂದ ಮುಂದೆ ವಿದ್ಯುತ್ ತನ್ನಷ್ಟಕ್ಕೆ ತಾನೇ ಸುತ್ತುತ್ತಲೇ ಇರುತ್ತದೆ. ವರ್ಷ ಕಳೆದರೂ ಅದರ ಬಲ ಸಾವಿರದಲ್ಲಿ ಒಂದು ಪಾಲಿನಷ್ಟೂ ಕುಗ್ಗುವುದಿಲ್ಲ. ಎಣ್ಣೆ ಹೊಯ್ಯದೆಯೇ ಉರಿಯುವ ನಂದಾದೀಪ ಎನ್ನಬಹುದು. ಕಾಯಬೇಕಾದದ್ದು ಎಣ್ಣೆಯನ್ನಲ್ಲ, ಚಳಿಯನ್ನು.

ಕರೆಂಟು ಹೋದರೆ ಚಿತ್ರ ತೆಗೆಯುವುದು ನಿಲ್ಲುತ್ತದೆ, ದೀಪ ಆರುತ್ತದೆ, ಸದ್ದು ಅಡಗುತ್ತದೆ. ಅಯಸ್ಕಾಂತ ಮಾತ್ರ ಹಾಗೆಯೇ ಇರುತ್ತದೆ. ಸದ್ದಿಲ್ಲದ್ದನ್ನು ಕಂಡು ‘ಯಂತ್ರ ಆಫ್ ಆಗಿದೆ’ ಎಂದುಕೊಳ್ಳುವುದು ಅವಘಡಗಳಿಗೆ ಮೂಲವಾಗುತ್ತದೆ.

ತುರ್ತಿನಲ್ಲಿ ಅಯಸ್ಕಾಂತದ ಬಲವನ್ನು ಇಳಿಸುವ ಗುಂಡಿಯೊಂದು ಇರುತ್ತದೆ. ಅದನ್ನು ಒತ್ತಿದರೆ ಸುರುಳಿ ಬಿಸಿಯಾಗಿ ಅತಿವಾಹಕ ಗುಣವನ್ನು ಕಳೆದುಕೊಳ್ಳುತ್ತದೆ. ದ್ರವ ಹೀಲಿಯಂ ಕುದಿದು ಸುಮಾರು 700 ಪಟ್ಟು ಹಿಗ್ಗಿ ಅನಿಲವಾಗಿ ಕೊಳವೆಯ ಮೂಲಕ ಕಟ್ಟಡದ ಹೊರಕ್ಕೆ ನುಗ್ಗುತ್ತದೆ. ಯಂತ್ರವನ್ನು ಮತ್ತೆ ಮೊದಲಿನಂತೆ ಮಾಡಲು ದಿನಗಳೇ ಬೇಕು, ಲಕ್ಷಗಟ್ಟಲೆ ಹಣವೂ ಬೇಕು. ಮನುಷ್ಯನೊಬ್ಬ ಸಿಕ್ಕಿಬಿದ್ದು ಜೀವಕ್ಕೆ ಕುತ್ತು ಬಂದಾಗ ಮಾತ್ರ ಬಳಸುವ ಕೊನೆಯ ಉಪಾಯ ಅದು. ರಾತ್ರಿ ಮಲಗುವ ಮುನ್ನ ಆರಿಸುವ ದೀಪದ ಸ್ವಿಚ್ಚಿನಂತಲ್ಲ.

ಇಷ್ಟು ಬಲ ಏಕೆ ಬೇಕು?

ಕಾಂತಬಲವನ್ನು ಟೆಸ್ಲಾ ಎಂಬ ಮಾನದಲ್ಲಿ ಅಳೆಯುತ್ತಾರೆ. ದಿಕ್ಸೂಚಿಯ ಮುಳ್ಳನ್ನು ತಿರುಗಿಸುವ ಭೂಮಿಯ ಕಾಂತಬಲ ಒಂದು ಟೆಸ್ಲಾದ ಲಕ್ಷದಲ್ಲಿ ನಾಲ್ಕೈದು ಪಾಲು ಮಾತ್ರ. ನಮ್ಮ ಆಸ್ಪತ್ರೆಗಳ ಎಂ.ಆರ್.ಐ. ಯಂತ್ರಗಳು ಸಾಮಾನ್ಯವಾಗಿ 1.5 ಅಥವಾ 3 ಟೆಸ್ಲಾ ಬಲದವು. ಅಂದರೆ ಚಿಕ್ಕ ಯಂತ್ರವೂ ಭೂಮಿಗಿಂತ ಸುಮಾರು 30 ಸಾವಿರ ಪಟ್ಟು ಬಲಶಾಲಿ.

ನಮ್ಮ ದೇಹದ ಹೆಚ್ಚಿನ ಭಾಗ ನೀರು. ನೀರಿನಲ್ಲಿರುವ ಜಲಜನಕದ ಪರಮಾಣು ಬೀಜಗಳು ಪುಟ್ಟ ಪುಟ್ಟ ಅಯಸ್ಕಾಂತಗಳಂತೆ ವರ್ತಿಸುತ್ತವೆ. ದೊಡ್ಡ ಅಯಸ್ಕಾಂತದೊಳಗೆ ಅವುಗಳಲ್ಲಿ ಒಂದು ಸಣ್ಣ ಪಾಲು ಒಂದೇ ದಿಕ್ಕಿಗೆ ಮುಖ ಮಾಡುತ್ತದೆ. ರೇಡಿಯೋ ಅಲೆಗಳಿಂದ ಅವನ್ನು ಒಮ್ಮೆ ತಟ್ಟಿ ಬಿಟ್ಟರೆ ಮೊದಲಿನ ಸ್ಥಿತಿಗೆ ಮರಳುವಾಗ ಅವೂ ಸಣ್ಣ ಸಂಕೇತ ಹೊರಡಿಸುತ್ತವೆ. ಅದನ್ನು ಹಿಡಿದು ಕಂಪ್ಯೂಟರ್ ಚಿತ್ರ ಕಟ್ಟುತ್ತದೆ. ಅಯಸ್ಕಾಂತ ಬಲವಾದಷ್ಟೂ ಸಂಕೇತ ಗಟ್ಟಿ, ಚಿತ್ರ ಸ್ಪಷ್ಟ. ಈ ವಿಧಾನಕ್ಕಾಗಿ ಪಾಲ್ ಲಾಟರ್‌ಬರ್ ಮತ್ತು ಪೀಟರ್ ಮ್ಯಾನ್ಸ್‌ಫೀಲ್ಡ್ ಅವರಿಗೆ 2003ರಲ್ಲಿ ವೈದ್ಯಶಾಸ್ತ್ರದ ನೊಬೆಲ್ ಬಂತು. ಇಲ್ಲಿ ಎಕ್ಸ್-ರೇ ಇಲ್ಲ, ಸಿ.ಟಿ. ಸ್ಕ್ಯಾನಿನ ವಿಕಿರಣವೂ ಇಲ್ಲ. ಮಿದುಳು, ಬೆನ್ನುಹುರಿ, ಕೀಲಿನ ಮೃದ್ವಸ್ಥಿಗಳನ್ನು ಇಷ್ಟು ಚೆನ್ನಾಗಿ ತೋರಿಸುವ ಬೇರೆ ಉಪಕರಣ ನಮ್ಮ ಬಳಿ ಇಲ್ಲ.

ಸೆರೆಸಿಕ್ಕ ಕಾಂತಬಲ

ಹಳೆಯ ಅತಿವಾಹಕಗಳ ದೊಡ್ಡ ತೊಡಕು ಹೀಲಿಯಂ. ಅದು ವಿರಳ, ದುಬಾರಿ. ಭೂಮಿಯೊಳಗಿನ ನೈಸರ್ಗಿಕ ಅನಿಲದ ಜೊತೆಗೆ ಸಿಗುವ ಇದನ್ನು ಭಾರತ ಹೊರದೇಶಗಳಿಂದ ತರಿಸಿಕೊಳ್ಳುತ್ತದೆ. ಹಳೆಯ ಮಾದರಿಯ ಒಂದು ಯಂತ್ರಕ್ಕೆ 1500 ಲೀಟರಿನಷ್ಟು ದ್ರವ ಹೀಲಿಯಂ ಬೇಕಾಗುತ್ತದೆ. ಪರೀಕ್ಷೆಯ ಶುಲ್ಕ ಬಡವರ ಕೈಗೆ ಎಟುಕದಿರುವುದಕ್ಕೆ ಇದೂ ಒಂದು ಕಾರಣ.

1986ರಲ್ಲಿ ಸ್ವಿಟ್ಜರ್ಲೆಂಡಿನ ಜ್ಯೂರಿಕ್ ಬಳಿಯ ಐ.ಬಿ.ಎಂ. ಪ್ರಯೋಗಾಲಯದಲ್ಲಿ ಬೆಡ್ನೋರ್ಜ್ ಮತ್ತು ಮುಲ್ಲರ್ ಎಂಬಿಬ್ಬರು ಪಿಂಗಾಣಿಯಂಥ ವಸ್ತುವೊಂದರಲ್ಲಿ ಅತಿವಾಹಕ ಗುಣವನ್ನು ಕಂಡರು. ಹಿಂದಿನ ವಸ್ತುಗಳಿಗೆ ಬೇಕಾಗಿದ್ದಷ್ಟು ಚಳಿ ಇದಕ್ಕೆ ಬೇಕಿರಲಿಲ್ಲ. ಮರುವರ್ಷವೇ ಅವರಿಗೆ ನೊಬೆಲ್ ದೊರೆಯಿತು. ಅದೇ 1987ರಲ್ಲಿ ಅಮೆರಿಕದಲ್ಲಿ ಪಾಲ್ ಚೂ, ಮಾವ್-ಕುಯೆನ್ ವೂ ಮತ್ತು ಸಂಗಡಿಗರು ಇಟ್ರಿಯಂ, ಬೇರಿಯಂ, ತಾಮ್ರ ಮತ್ತು ಆಮ್ಲಜನಕ ಸೇರಿದ ವಸ್ತುವೊಂದು ಸೊನ್ನೆಗಿಂತ 180 ಡಿಗ್ರಿ ಕೆಳಗೇ ಅತಿವಾಹಕವಾಗುವುದನ್ನು ತೋರಿಸಿದರು. ಇವನ್ನು ‘ಅಧಿಕ ಉಷ್ಣತೆಯ ಅತಿವಾಹಕ’ ಎನ್ನುತ್ತಾರೆ. ಅಧಿಕ ಎಂದೊಡನೆ ಒಲೆಯ ಬಿಸಿ ಎಂದುಕೊಳ್ಳಬೇಡಿ! ಹೀಲಿಯಂನ ಚಳಿಗೆ ಹೋಲಿಸಿದರೆ ಮಾತ್ರ ಅಧಿಕ. ಆದರೂ ಇದು ದೊಡ್ಡ ಹೆಜ್ಜೆ. ಏಕೆಂದರೆ ಈ ಮಟ್ಟದ ಚಳಿಗೆ ದ್ರವ ಸಾರಜನಕ ಸಾಕು. ಸಾರಜನಕ ನಾವು ಉಸಿರಾಡುವ ಗಾಳಿಯಲ್ಲಿಯೇ ನೂರಕ್ಕೆ 78 ಪಾಲಿದೆ. ಪಶು ಆಸ್ಪತ್ರೆಗಳಲ್ಲಿ ಕೃತಕ ಗರ್ಭಧಾರಣೆಯ ವೀರ್ಯದ ಕಡ್ಡಿಗಳನ್ನು ಇಡುವುದು ಈ ದ್ರವದಲ್ಲಿಯೇ ಎಂಬುದು ಹಸು ಕಟ್ಟಿದವರಿಗೆಲ್ಲ ಗೊತ್ತು.

ಈ ಹೊಸ ವಸ್ತುಗಳಿಗೆ ಇನ್ನೊಂದು ವಿಶೇಷ ಗುಣವಿದೆ. ತಂತಿ ಸುತ್ತದೆಯೇ ಇವುಗಳಿಂದ ಅಯಸ್ಕಾಂತ ಮಾಡಬಹುದು. ಬಿಸ್ಕತ್ತಿನಂಥ ಒಂದು ದಪ್ಪ ಬಿಲ್ಲೆಯನ್ನು ಬಲವಾದ ಕಾಂತಕ್ಷೇತ್ರದ ನಡುವೆ ಇಟ್ಟು ಅಲ್ಲಿಯೇ ತಣಿಸುತ್ತಾರೆ. ಬಳಿಕ ಹೊರಗಿನ ಕಾಂತಕ್ಷೇತ್ರವನ್ನು ಮೆಲ್ಲಗೆ ಇಳಿಸುತ್ತಾರೆ. ಆಗ ಬಿಲ್ಲೆಯೊಳಗೆ ತಡೆಯಿಲ್ಲದ ವಿದ್ಯುತ್ ಸುತ್ತತೊಡಗುತ್ತದೆ. ಹೊರಗಿನ ಅಯಸ್ಕಾಂತವನ್ನು ತೆಗೆದರೂ ಕಾಂತಬಲ ಬಿಲ್ಲೆಯಲ್ಲಿ ಸೆರೆಯಾಗಿ ಉಳಿಯುತ್ತದೆ.

ಉಳಿಯುವುದು ಹೇಗೆ? ಕಾಂತರೇಖೆಗಳು ಬಿಲ್ಲೆಯ ಮೂಲಕ ಸಣ್ಣ ಸಣ್ಣ ಎಳೆಗಳಾಗಿ ಹಾಯುತ್ತವೆ. ಬಿಲ್ಲೆಯೊಳಗೆ ಬೇಕೆಂದೇ ಉಳಿಸಿದ ಕಣಗಳು, ಕೊರತೆಗಳು ಅಲ್ಲಲ್ಲಿ ಇರುತ್ತವೆ. ಜಾತ್ರೆಯ ಮೈದಾನದಲ್ಲಿ ಗೂಟಗಳಿಗೆ ಕಟ್ಟಿದ ದನಗಳಂತೆ ಕಾಂತರೇಖೆಯ ಎಳೆಗಳು ಆ ಕೊರತೆಗಳಿಗೆ ಸಿಕ್ಕಿಕೊಂಡು ಕದಲದೆ ನಿಲ್ಲುತ್ತವೆ. ಪೂರ್ತಿ ಶುದ್ಧವಾದ ವಸ್ತುವಿಗಿಂತ ಹದವಾದ ದೋಷವಿರುವ ವಸ್ತುವೇ ಇಲ್ಲಿ ಮೇಲು. ಆದರೆ ಚಳಿ ಇಳಿದು ಬಿಲ್ಲೆ ಬಿಸಿಯಾಯಿತೋ, ಗೂಟಗಳೆಲ್ಲ ಒಮ್ಮೆಲೇ ಕಿತ್ತುಬಂದಂತೆ ಕಾಂತಬಲ ಹೊರಟುಹೋಗುತ್ತದೆ.

ಇನ್ನೊಂದು ತೊಡಕೂ ಇದೆ. ಸೆರೆಸಿಕ್ಕ ಕಾಂತಬಲ ಬಿಲ್ಲೆಯನ್ನು ಒಳಗಿನಿಂದ ಹೊರಕ್ಕೆ ಒತ್ತುತ್ತದೆ. ಪಿಂಗಾಣಿಯ ಜಾತಿಯ ಈ ವಸ್ತು ಆ ಒತ್ತಡಕ್ಕೆ ಸಿಡಿದು ಚೂರಾಗಬಹುದು. ಜಪಾನಿನ ತೊಮಿಟಾ ಮತ್ತು ಮುರಕಾಮಿ ಎಂಬ ವಿಜ್ಞಾನಿಗಳು ಬಿಲ್ಲೆಗೆ ರಾಳ ಊಡಿಸಿ ಗಟ್ಟಿಗೊಳಿಸಿ 2003ರಲ್ಲಿ 17.24 ಟೆಸ್ಲಾ ಬಲವನ್ನು ಸೆರೆಹಿಡಿದರು. 2014ರಲ್ಲಿ ಇಂಗ್ಲೆಂಡಿನ ಕೇಂಬ್ರಿಜ್ ವಿಶ್ವವಿದ್ಯಾಲಯದ ತಂಡ ಅದನ್ನು 17.6 ಟೆಸ್ಲಾಗೆ ಏರಿಸಿತು. ಅವರು ಬಳಸಿದ ಉಪಾಯ ನಮ್ಮ ಬಡಗಿ ಕಮ್ಮಾರರಿಗೆ ಹೊಸದಲ್ಲ. ಎತ್ತಿನ ಬಂಡಿಯ ಗಾಲಿಗೆ ಕಬ್ಬಿಣದ ಪಟ್ಟಾವನ್ನು ಕಾಯಿಸಿ ತೊಡಿಸಿದರೆ ಆರಿದ ಮೇಲೆ ಅದು ಕುಗ್ಗಿ ಮರವನ್ನು ಬಿಗಿಯುತ್ತದಲ್ಲವೇ? ಹಾಗೆಯೇ ಉಕ್ಕಿನ ಬಳೆಯನ್ನು ಬಿಲ್ಲೆಗೆ ಬಿಗಿಯಾಗಿ ತೊಡಿಸಿದರು. ಸುಮಾರು 25 ಮಿಲಿಮೀಟರ್ ಅಗಲದ ಎರಡು ಬಿಲ್ಲೆಗಳ ನಡುವೆ ಆಸ್ಪತ್ರೆಯ 1.5 ಟೆಸ್ಲಾ ಯಂತ್ರದ ಹನ್ನೊಂದು ಪಟ್ಟಿಗೂ ಹೆಚ್ಚು ಬಲ ನೆಲೆಸಿತು. ಮಾಮೂಲಿ ಶಾಶ್ವತ ಅಯಸ್ಕಾಂತ ಎಷ್ಟೇ ಉತ್ತಮವಾಗಿದ್ದರೂ ಒಂದೂವರೆ ಟೆಸ್ಲಾ ದಾಟುವುದು ಕಷ್ಟ. ಒಂದು ಮಾತು ಮಾತ್ರ ನೆನಪಿರಲಿ: ಈ ದಾಖಲೆಗಾಗಿ ಬಿಲ್ಲೆಯನ್ನು ಸೊನ್ನೆಗಿಂತ 247 ಡಿಗ್ರಿ ಕೆಳಗೆ ಇಡಬೇಕಾಯಿತು. ದ್ರವ ಸಾರಜನಕದ ಚಳಿಯಲ್ಲಿ ಸೆರೆಸಿಗುವ ಬಲ ಇದಕ್ಕಿಂತ ಬಹಳ ಕಡಿಮೆ.

ರೋಗಿಗೆ ಏನು ಉಪಯೋಗ?

ಈ ಬಿಲ್ಲೆಗಳು ಇನ್ನೂ ನಮ್ಮ ಆಸ್ಪತ್ರೆಗಳ ಎಂ.ಆರ್.ಐ. ಯಂತ್ರದೊಳಗೆ ಬಂದಿಲ್ಲ. ಮನುಷ್ಯನ ದೇಹ ಹಿಡಿಸುವಷ್ಟು ದೊಡ್ಡ ಜಾಗದಲ್ಲಿ ಎಲ್ಲೆಡೆ ಒಂದೇ ಸಮನಾದ ಬಲ ಬೇಕು. ಚಿಕ್ಕ ಬಿಲ್ಲೆಗಳಿಂದ ಅದು ಸುಲಭವಲ್ಲ. ಸೆರೆಸಿಕ್ಕ ಬಲವೂ ಮೊದಮೊದಲು ಮೆಲ್ಲಗೆ ಸೋರುತ್ತದೆ. ಹೊಸ ವಸ್ತುಗಳಿಂದ ಮಾಡಿದ ತಂತಿ, ಪಟ್ಟಿಗಳ ತುದಿಗಳನ್ನು ತಡೆ ಉಳಿಯದಂತೆ ಬೆಸೆಯುವುದೂ ಹಳೆಯ ತಂತಿಯಷ್ಟು ಸುಲಭವಲ್ಲ.

ಆದರೂ ಕೆಲಸ ಸಾಗಿದೆ. 2011ರಲ್ಲಿ ಜಪಾನಿನ ಸಂಶೋಧಕರು ಇಂಥ ಬಿಲ್ಲೆಗಳಲ್ಲಿ 4.7 ಟೆಸ್ಲಾ ಬಲವನ್ನು ಸೆರೆಹಿಡಿದು, ಇಲಿಯ ಭ್ರೂಣದ ಸೂಕ್ಷ್ಮ ಚಿತ್ರ ತೆಗೆದು ತೋರಿಸಿದರು. ಕಾಂತಕಣಗಳಿಗೆ ಅಂಟಿಸಿದ ಔಷಧಿಯನ್ನು ಹೊರಗಿನಿಂದ ಅಯಸ್ಕಾಂತ ಹಿಡಿದು ರೋಗವಿರುವ ಜಾಗಕ್ಕೇ ಒಯ್ಯಬಹುದೇ ಎಂಬ ಪ್ರಯೋಗಗಳಲ್ಲಿಯೂ ಇವನ್ನು ಬಳಸಿದ್ದಾರೆ. 2001ರಲ್ಲಿ ಪತ್ತೆಯಾದ ಮೆಗ್ನೀಸಿಯಂ ಡೈಬೋರೈಡ್ ಎಂಬ ಅತಿವಾಹಕದ ತಂತಿಯಿಂದ, ಹೀಲಿಯಂ ದ್ರವವಿಲ್ಲದೆ ನಡೆಯುವ ತೆರೆದ ಎಂ.ಆರ್.ಐ. ಯಂತ್ರವನ್ನು ಇಟಲಿಯಲ್ಲಿ ಮಾಡಿದ್ದಾರೆ. ಔಷಧಿ ಸಂಶೋಧನೆಗೆ ಅಣುಗಳ ರಚನೆ ತಿಳಿಯುವ 28.2 ಟೆಸ್ಲಾ ಉಪಕರಣವೊಂದು 2020ರಲ್ಲಿ ಅದೇ ದೇಶದ ಫ್ಲಾರೆನ್ಸ್ ವಿಶ್ವವಿದ್ಯಾಲಯಕ್ಕೆ ಬಂತು. ಅಧಿಕ ಉಷ್ಣತೆಯ ಅತಿವಾಹಕದ ಸುರುಳಿ ಒಳಗಿಲ್ಲದಿದ್ದರೆ ಅಷ್ಟು ಬಲ ಸಾಧ್ಯವಾಗುತ್ತಿರಲಿಲ್ಲ.

ಹಳೆಯ ತಂತಿಯನ್ನೇ ಉಳಿಸಿಕೊಂಡು ಹೀಲಿಯಂ ಉಳಿಸುವ ದಾರಿಗಳೂ ಬಂದಿವೆ. 2018ರಲ್ಲಿ ಫಿಲಿಪ್ಸ್ ಕಂಪನಿ ಸುಮಾರು 7 ಲೀಟರ್ ಹೀಲಿಯಂನಲ್ಲಿಯೇ ನಡೆಯುವ, ಪೂರ್ತಿ ಮುಚ್ಚಿದ 1.5 ಟೆಸ್ಲಾ ಯಂತ್ರವನ್ನು ಹೊರತಂದಿತು. 2023ರಲ್ಲಿ ಬೆಂಗಳೂರಿನ ವಾಕ್ಸೆಲ್‌ಗ್ರಿಡ್ಸ್ ಸಂಸ್ಥೆ ದೇಶದಲ್ಲಿಯೇ ರೂಪಿಸಿದ 1.5 ಟೆಸ್ಲಾ ಯಂತ್ರವನ್ನು ಮುಂದಿಟ್ಟಿತು. ಇಂಥ ಪ್ರಯತ್ನಗಳು ಫಲಿಸಿದರೆ ತಾಲ್ಲೂಕು ಆಸ್ಪತ್ರೆಗೂ ಎಂ.ಆರ್.ಐ. ಬರುವ ದಿನ ದೂರವಿರಲಾರದು. ಪಾರ್ಶ್ವವಾಯು ಹೊಡೆದವನನ್ನು ನೂರು ಕಿಲೋಮೀಟರ್ ಹೊತ್ತೊಯ್ಯುವ ಗೋಳು ತಪ್ಪೀತು.

ಸಂತೋಷದ ಸಂಗತಿ. ಆದರೆ ಯಂತ್ರ ಚಿಕ್ಕದಾದಂತೆ, ಊರೂರಿಗೆ ಬಂದಂತೆ, ಅದರ ಮೇಲಿನ ಭಯಭಕ್ತಿ ಕಡಿಮೆಯಾಗುತ್ತದೆ. ಚಿಕ್ಕ ಯಂತ್ರದೊಳಗೂ ಸೆರೆಸಿಕ್ಕ ಬಲ ಅಷ್ಟೇ ಇರುತ್ತದೆ, ಹೆಚ್ಚೂ ಇರಬಹುದು. ಅದಕ್ಕೇ ಈ ಎಚ್ಚರ ಆಸ್ಪತ್ರೆಯ ಸಿಬ್ಬಂದಿಗೆ ಮಾತ್ರ ಗೊತ್ತಿದ್ದರೆ ಸಾಲದು, ಮನೆಮನೆಗೂ ಗೊತ್ತಿರಬೇಕು.

ಒಳಗೆ ಹೋಗುವ ಮುನ್ನ

ಪರೀಕ್ಷೆಗೆ ಮುಂಚೆ ನಿಮಗೊಂದು ಪ್ರಶ್ನಾವಳಿ ಕೊಡುತ್ತಾರೆ. ಅದನ್ನು ಯಾರೋ ತುಂಬಲಿ ಎಂದು ಬಿಡಬೇಡಿ. ಓದು ಬಾರದವರಿಗೆ ಮನೆಯವರು ಒಂದೊಂದೇ ಓದಿ ಹೇಳಬೇಕು. ಈ ಕೆಳಗಿನವನ್ನು ತಪ್ಪದೆ ತಿಳಿಸಿ.

1. ಹೃದಯಕ್ಕೆ ಪೇಸ್‌ಮೇಕರ್ ಹಾಕಿಸಿಕೊಂಡಿದ್ದರೆ. ಹಳೆಯ ಮಾದರಿಗಳು ಎಂ.ಆರ್.ಐ.ಗೆ ಹೊಂದುವುದಿಲ್ಲ. ಇತ್ತೀಚಿನ ಹಲವು ಮಾದರಿಗಳನ್ನು ಕೆಲವು ಷರತ್ತುಗಳೊಡನೆ ಪರೀಕ್ಷೆಗೆ ಒಳಪಡಿಸಬಹುದು. ಹಾಕಿಸಿದಾಗ ಕೊಟ್ಟ ಕಾರ್ಡನ್ನು ತರಲೇಬೇಕು.

2. ಮಿದುಳಿನ ರಕ್ತನಾಳಕ್ಕೆ ಕ್ಲಿಪ್ ಹಾಕಿದ್ದರೆ. ಕೆಲವು ಹಳೆಯ ಕ್ಲಿಪ್‌ಗಳು ಕದಲಿದರೆ ರಕ್ತಸ್ರಾವವಾಗಿ ಸಾವು ಬರಬಹುದು.

3. ಕಿವಿಯೊಳಗೆ ಕಾಕ್ಲಿಯರ್ ಉಪಕರಣ, ಇನ್ಸುಲಿನ್ ಪಂಪ್, ನರಗಳಿಗೆ ಅಳವಡಿಸಿದ ಉಪಕರಣಗಳಿದ್ದರೆ.

4. ವೆಲ್ಡಿಂಗ್, ಲೇತ್, ಗ್ರೈಂಡಿಂಗ್ ಕೆಲಸ ಮಾಡಿದವರಾದರೆ. ಎಂದೋ ಕಣ್ಣಿಗೆ ಸಿಡಿದ ಕಬ್ಬಿಣದ ಕಿರಿದಾದ ಚೂರು ಒಳಗೇ ಉಳಿದಿರಬಹುದು. ಅಯಸ್ಕಾಂತ ಅದನ್ನು ಕದಲಿಸಿದರೆ ದೃಷ್ಟಿಯೇ ಹೋಗಬಹುದು. ಸಂಶಯವಿದ್ದರೆ ಮೊದಲು ಕಣ್ಣಿನ ಎಕ್ಸ್-ರೇ ತೆಗೆಸುತ್ತಾರೆ. ದೇಹದಲ್ಲಿ ಗುಂಡು, ಚರೆ ಉಳಿದವರೂ ಹೇಳಬೇಕು.

5. ಗರ್ಭಿಣಿಯಾಗಿದ್ದರೆ, ಅಥವಾ ಇರಬಹುದೆಂಬ ಸಂಶಯವಿದ್ದರೆ. ಮೂತ್ರಪಿಂಡದ ಕಾಯಿಲೆ ಇದ್ದರೂ ತಿಳಿಸಿ. ಕೆಲವು ಪರೀಕ್ಷೆಗಳಲ್ಲಿ ಗೆಡೋಲಿನಿಯಂ ಎಂಬ ಔಷಧಿಯನ್ನು ರಕ್ತನಾಳಕ್ಕೆ ಕೊಡುತ್ತಾರೆ. ಇಂಥವರಲ್ಲಿ ಯೋಚಿಸಿ ಕೊಡಬೇಕಾಗುತ್ತದೆ.

ಮೂಳೆಗೆ ಹಾಕಿದ ಟೈಟಾನಿಯಂ ಪ್ಲೇಟು, ಕೃತಕ ಮಂಡಿ, ಹೃದಯದ ಸ್ಟೆಂಟ್, ಹಲ್ಲಿಗೆ ತುಂಬಿದ ಸಿಮೆಂಟು, ಪೊರೆ ತೆಗೆದು ಹಾಕಿದ ಕಣ್ಣಿನ ಮಸೂರ, ಕಾಪರ್-ಟಿ ಇವುಗಳಿಂದ ಸಾಮಾನ್ಯವಾಗಿ ತೊಂದರೆ ಇಲ್ಲ. ಆದರೂ ಹೇಳಿಬಿಡುವುದು ನಿಮ್ಮ ಕೆಲಸ. ಸರಿಯೋ ಅಲ್ಲವೋ ಎಂದು ನಿರ್ಧರಿಸುವುದು ಅಲ್ಲಿಯ ತಜ್ಞರ ಕೆಲಸ.

ಇನ್ನು ಮೈಮೇಲಿನ ವಸ್ತುಗಳು. ಕಬ್ಬಿಣ, ಉಕ್ಕು ಹಾರಿಹೋಗುತ್ತವೆ. ಉಳಿದ ಲೋಹಗಳು ಹಾರದಿದ್ದರೂ ರೇಡಿಯೋ ಅಲೆಗಳಿಂದ ಬಿಸಿಯಾಗಿ ಚರ್ಮ ಸುಡಬಹುದು, ಚಿತ್ರವನ್ನೂ ಕೆಡಿಸುತ್ತವೆ. ಬಂಗಾರ, ಬೆಳ್ಳಿ ಎಂದು ವಿನಾಯಿತಿ ಇಲ್ಲ. ನಮ್ಮ ಹೆಣ್ಣುಮಕ್ಕಳು ತಾಳಿಯ ಸರಕ್ಕೂ ಬಳೆಗೂ ನಾಲ್ಕಾರು ಪಿನ್ನು ಸಿಕ್ಕಿಸಿಕೊಂಡಿರುತ್ತಾರೆ. ಆ ಪಿನ್ನುಗಳು ಉಕ್ಕಿನವು. ತಲೆಗೂದಲ ಪಿನ್ನು, ಕಾಲುಂಗುರ, ಮೂಗುಬೊಟ್ಟು, ಬೆಳ್ಳಿಯ ಉಡಿದಾರ, ತಾಯಿತ, ಶನಿದೋಷಕ್ಕೆಂದು ಹಾಕಿಕೊಂಡ ಕಬ್ಬಿಣದ ಉಂಗುರ, ಬೆಲ್ಟು, ಬೀಗದ ಕೈ, ನಾಣ್ಯ, ಮೊಬೈಲು, ಕೈಗಡಿಯಾರ, ಎ.ಟಿ.ಎಂ. ಕಾರ್ಡು, ಕಿವಿಯ ಯಂತ್ರ, ತೆಗೆಯಬಹುದಾದ ಕಟ್ಟುಹಲ್ಲು ಎಲ್ಲವನ್ನೂ ಹೊರಗಿಡಬೇಕು. ತಾಳಿ ತೆಗೆಯುವುದು ಅಪಶಕುನವೆಂದು ಕೆಲವರು ಸೆರಗಿನಲ್ಲಿ ಮುಚ್ಚಿಟ್ಟುಕೊಂಡು ಹೋಗುತ್ತಾರೆ. ತೆಗೆದು ಗಂಡನ ಕೈಗೋ ತಾಯಿಯ ಕೈಗೋ ಕೊಟ್ಟುಹೋದರೆ ಯಾವ ಕೇಡೂ ಇಲ್ಲ. ಬೇಕಾದರೆ ಆ ಅರ್ಧ ಗಂಟೆ ಕೊರಳಿಗೆ ಬರಿಯ ಅರಿಸಿನ ದಾರ ಇರಲಿ. ಜರಿ ಸೀರೆ ಬೇಡ. ಆಸ್ಪತ್ರೆ ಕೊಡುವ ಬಟ್ಟೆಯೇ ಸರಿ. ಮೈಗೆ ಅಂಟಿಸಿದ ಔಷಧಿಯ ಪಟ್ಟಿಗಳಲ್ಲಿ ಕೆಲವಕ್ಕೆ ಲೋಹದ ಹಾಳೆ ಇರುತ್ತದೆ, ಅದನ್ನೂ ತಿಳಿಸಿ.

ಜೊತೆಗೆ ಬಂದವರಿಗೂ ಇದೇ ನಿಯಮ. ರೋಗಿಗೆ ಏನಾಯಿತೋ ಎಂದು ಗಾಬರಿಯಿಂದ ನುಗ್ಗಬೇಡಿ. ಸಿಲಿಂಡರ್, ಗಾಲಿಕುರ್ಚಿ, ಸ್ಟ್ರೆಚರ್, ಡ್ರಿಪ್ ಸ್ಟ್ಯಾಂಡ್ ಇವನ್ನು ಒಳಗೆ ಒಯ್ಯುವಂತೆ ಯಾರಾದರೂ ಹೇಳಿದರೆ ಕಾಲು ಮುಂದಿಡಬೇಡಿ. ‘ಇದು ಎಂ.ಆರ್.ಐ. ಕೋಣೆಗೆಂದೇ ಮಾಡಿದ್ದೇ?’ ಎಂದು ಟೆಕ್ನೀಶಿಯನ್‌ರನ್ನು ಕೇಳಿ, ಅವರು ಹೌದೆಂದ ಮೇಲೆ ಮಾತ್ರ ಒಯ್ಯಿರಿ. ಹಾಗೆ ಕೇಳಿದರೆ ಯಾರೂ ಬೇಸರ ಮಾಡಿಕೊಳ್ಳಬಾರದು. ರೋಗಿಯ ಸ್ಥಿತಿ ಕೆಟ್ಟರೆ ಅವನನ್ನೇ ಹೊರಗೆ ತಂದು ಚಿಕಿತ್ಸೆ ಕೊಡುವುದು ಸರಿಯಾದ ಕ್ರಮ. ಬೆಂಕಿ ಆರಿಸಲು ಬಂದವರೂ, ಕಸ ಗುಡಿಸುವವರೂ, ರಾತ್ರಿಯ ಕಾವಲುಗಾರರೂ ಇದನ್ನು ತಿಳಿದಿರಬೇಕು. ಆಸ್ಪತ್ರೆ ನಡೆಸುವವರು ಅವರಿಗೆಲ್ಲ ಕನ್ನಡದಲ್ಲಿ ತಿಳಿಸಿ ಹೇಳಬೇಕು. ಬಾಗಿಲ ಮೇಲೆ ‘ಅಯಸ್ಕಾಂತ ಯಾವಾಗಲೂ ಆನ್ ಇರುತ್ತದೆ’ ಎಂದು ದೊಡ್ಡ ಅಕ್ಷರದಲ್ಲಿ ಬರೆಸಬೇಕು.

ಓದುಗರ ಕೆಲವು ಸಂಶಯಗಳು

*ರಕ್ತದಲ್ಲಿ ಕಬ್ಬಿಣವಿದೆಯಲ್ಲ, ಅದನ್ನು ಅಯಸ್ಕಾಂತ ಎಳೆಯುವುದಿಲ್ಲವೇ?* ಇಲ್ಲ. ರಕ್ತದ ಕಬ್ಬಿಣ ಮೊಳೆಯ ಕಬ್ಬಿಣದಂತೆ ಲೋಹದ ರೂಪದಲ್ಲಿಲ್ಲ. ಹಿಮೋಗ್ಲೋಬಿನ್ ಅಣುವಿನಲ್ಲಿ ಒಂಟಿ ಒಂಟಿ ಪರಮಾಣುಗಳಾಗಿ ಹುದುಗಿದೆ. ಆಮ್ಲಜನಕ ತುಂಬಿದ ರಕ್ತಕ್ಕೂ ಬಿಟ್ಟುಕೊಟ್ಟ ರಕ್ತಕ್ಕೂ ಕಾಂತಗುಣದಲ್ಲಿ ಇರುವ ಅತಿ ಸಣ್ಣ ವ್ಯತ್ಯಾಸವನ್ನೇ ಬಳಸಿ, ಮಿದುಳಿನ ಯಾವ ಭಾಗ ಕೆಲಸ ಮಾಡುತ್ತಿದೆ ಎಂದು ನೋಡುವ ವಿಧಾನವನ್ನು ಸೈಜಿ ಒಗಾವಾ ಅವರು 1990ರಲ್ಲಿ ತೋರಿಸಿಕೊಟ್ಟರು.

*ಅಯಸ್ಕಾಂತದ ಬಳೆ, ಹಾಸಿಗೆ, ಬೆಲ್ಟುಗಳಿಂದ ಕಾಯಿಲೆ ವಾಸಿಯಾಗುತ್ತದೆಯೇ?* ಎಂ.ಆರ್.ಐ. ಯಂತ್ರದೊಳಗೆ ಅರ್ಧ ಗಂಟೆ ಮಲಗಿದವರ ಮಂಡಿನೋವು, ರಕ್ತದೊತ್ತಡ, ಸಕ್ಕರೆ ಕಾಯಿಲೆ ವಾಸಿಯಾಗಿ ಎದ್ದುಬಂದದ್ದಿಲ್ಲ. ಅದಕ್ಕಿಂತ ಎಷ್ಟೋ ಪಟ್ಟು ದುರ್ಬಲವಾದ ಬಳೆ ಇದನ್ನು ಮಾಡೀತೆಂದು ನಂಬಲು ಆಧಾರವಿಲ್ಲ. ಸಾವಿರಾರು ರೂಪಾಯಿ ಕೊಟ್ಟು ಹಾಸಿಗೆ ಕೊಳ್ಳುವ ಬದಲು ಆ ಹಣವನ್ನು ಔಷಧಿಗೂ ಒಳ್ಳೆಯ ಊಟಕ್ಕೂ ಬಳಸಿ. ಪೇಸ್‌ಮೇಕರ್ ಇರುವವರು ಅಂಥ ಹಾಸಿಗೆ, ಬೆಲ್ಟುಗಳ ಹತ್ತಿರ ಹೋಗದಿರುವುದೇ ಒಳಿತು.

*ಕೊಳವೆಯೊಳಗೆ ಉಸಿರು ಕಟ್ಟಿದಂತಾದರೆ?* ಕೆಲವರಿಗೆ ಇಕ್ಕಟ್ಟಿನ ಭಯ ಇರುತ್ತದೆ. ಮುಂಚೆಯೇ ಹೇಳಿ. ಕೊಳವೆಯ ಎರಡೂ ತುದಿ ತೆರೆದಿರುತ್ತವೆ, ಗಾಳಿ ಆಡುತ್ತಿರುತ್ತದೆ, ಕೈಯಲ್ಲಿ ಕರೆಗಂಟೆ ಕೊಟ್ಟಿರುತ್ತಾರೆ. ಢಬಢಬ ಸದ್ದು ಯಂತ್ರದ ಸಹಜ ಸದ್ದು. ಕಿವಿಗೆ ಹತ್ತಿ ಅಥವಾ ಮುಚ್ಚಳ ಕೇಳಿ ಪಡೆಯಿರಿ. ತೀರಾ ಭಯವಾದರೆ ಮಂಪರಿನ ಔಷಧಿ ಕೊಡುವುದೂ ಉಂಟು.

*ಪದೇ ಪದೇ ಮಾಡಿಸಿದರೆ ಕ್ಯಾನ್ಸರ್ ಬರುತ್ತದೆಯೇ?* ಎಕ್ಸ್-ರೇಯಂಥ ವಿಕಿರಣ ಇಲ್ಲಿ ಇಲ್ಲದ್ದರಿಂದ ಆ ಭಯ ಬೇಡ. ಆದರೆ ಅವಶ್ಯಕತೆ ಇಲ್ಲದೆ ‘ಒಂದು ಸಲ ನೋಡಿಯೇ ಬಿಡೋಣ’ ಎಂದು ಮಾಡಿಸುವುದು ಹಣ ಪೋಲು. ಎರಡು ದಿನದ ಸೊಂಟನೋವಿಗೆ ಸಾಮಾನ್ಯವಾಗಿ ವಿಶ್ರಾಂತಿ, ವ್ಯಾಯಾಮಗಳೇ ಸಾಕು. ಕಾಲು ಮರಗಟ್ಟುವುದು, ಬಲ ಕುಂದುವುದು, ಮೂತ್ರ ಹಿಡಿತ ತಪ್ಪುವುದು, ಜ್ವರ, ತೂಕ ಇಳಿಯುವುದು ಜೊತೆಗಿದ್ದರೆ ತಡಮಾಡದೆ ವೈದ್ಯರನ್ನು ಕಾಣಬೇಕು.

ಇಂದೇ ಮಾಡಬಹುದಾದ ಸಣ್ಣ ಕೆಲಸವೊಂದಿದೆ. ಮನೆಯ ಪ್ರತಿಯೊಬ್ಬರ ಹೆಸರಿನಲ್ಲಿ ಒಂದು ಹಾಳೆ ತೆಗೆದುಕೊಂಡು, ಇದುವರೆಗೆ ಆದ ಶಸ್ತ್ರಚಿ‌ಕಿತ್ಸೆಗಳು, ದೇಹದಲ್ಲಿ ಉಳಿದಿರುವ ಲೋಹ ಅಥವಾ ಉಪಕರಣ, ಹಾಕಿದ ವರ್ಷ, ಆಸ್ಪತ್ರೆಯ ಹೆಸರು ಬರೆದು, ಕೊಟ್ಟಿರುವ ಕಾರ್ಡುಗಳೊಡನೆ ರೇಷನ್ ಕಾರ್ಡು ಇಡುವ ಜಾಗದಲ್ಲಿಯೇ ಇಡಿ. ಪಾರ್ಶ್ವವಾಯು ಹೊಡೆದು ಮಾತು ನಿಂತ ಅಜ್ಜ ತನ್ನ ಎದೆಯಲ್ಲಿ ಪೇಸ್‌ಮೇಕರ್ ಇದೆಯೆಂದು ತಾನೇ ಹೇಳಲಾರ. ಮಧ್ಯರಾತ್ರಿ ಆ ಕೋಣೆಯ ಬಾಗಿಲಲ್ಲಿ ಆ ಹಾಳೆಯೇ ಅವನ ಪರವಾಗಿ ಮಾತಾಡಬೇಕು.